ಕಲ್ಲಿನಲ್ಲಿ ಉಳಿದ ಕಡಲು

ಕೆಲವು ಪದಗಳು ತಾವು ಸೂಚಿಸುವ ವಸ್ತುವಿನ ಗುಣವನ್ನು ತಮ್ಮ ಮೈಯಲ್ಲೇ ಹೊತ್ತಿರುತ್ತವೆ. 'ಪಳೆಯುಳಿಕೆ' ಎಂಬುದು ಅಂಥದೊಂದು ಪದ. ಪಳೆಯದು ಎಂದರೆ ಹಳೆಯದು. ಉಳಿಕೆ ಎಂದರೆ ಉಳಿದದ್ದು. ಕನ್ನಡದಲ್ಲಿ ಪಕಾರವು ಹಕಾರವಾಗಿ ತಿರುಗಿ ಶತಮಾನಗಳೇ ಕಳೆದಿವೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪಾಡು ಹಾಡಾಯಿತು. ಐದನೆಯ ಶತಮಾನದ ಶಾಸನದಲ್ಲಿ ಪಕಾರದಿಂದ ತೊಡಗುವ ಊರಿನ ಹೆಸರು ಇಂದು ನಮ್ಮ ಬಾಯಲ್ಲಿ ಹಲ್ಮಿಡಿ. ಹೀಗೆ ಎಲ್ಲವೂ ಬದಲಾದ ಮೇಲೆ, ವಿಜ್ಞಾನಕ್ಕೆ ಒಂದು ಪಾರಿಭಾಷಿಕ ಪದ ಬೇಕಾದಾಗ, ನಮ್ಮವರು ಹಳೆಯ ಪಕಾರವನ್ನೇ ಮತ್ತೆ ಕರೆತಂದು ಕೂರಿಸಿದರು. ಆದರೆ ಆ ಪದ ಪೂರ್ತಿಯಾಗಿ ಹಿಂದಿನ ರೂಪದಲ್ಲಿ ಬಂದಿತೆ? ಬರಲಿಲ್ಲ. ಹಳಗನ್ನಡದಲ್ಲಿ ಅದರ ನಡುವೆ ಇದ್ದುದು ಈಗಿನ ಳಕಾರವಲ್ಲ. ವೈಯಾಕರಣರು ರಳ ಎಂದು ಕರೆಯುವ ೞಕಾರ. ಆ ಅಕ್ಷರ ನಮ್ಮ ವರ್ಣಮಾಲೆಯಿಂದ ಅಳಿದು ಅದರ ಜಾಗದಲ್ಲಿ ಬೇರೊಂದು ಬಂದು ಕುಳಿತಿದೆ. ಆಕಾರ ಉಳಿದಿದೆ, ದ್ರವ್ಯ ಬದಲಾಗಿದೆ. ನೆಲದೊಳಗೆ ಕಪ್ಪೆಚಿಪ್ಪು ಕಲ್ಲಾಗುವ ಕ್ರಮವೂ ಹೆಚ್ಚು ಕಡಮೆ ಇದೇ. ಪಳೆಯುಳಿಕೆ ಎಂಬ ಪದವೇ ಒಂದು ಪಳೆಯುಳಿಕೆ ಎಂದರೆ ಅದು ಬರಿಯ ಚಮತ್ಕಾರದ ಮಾತಲ್ಲ.

ತರಗತಿಯಲ್ಲಿ ಈ ಮಾತನ್ನು ಮೂವತ್ತು ವರ್ಷ ಹೇಳಿದವನು ನಾನು. ಪದವನ್ನು ಇಷ್ಟು ಬಲ್ಲವನು ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದ್ದು ಮಾತ್ರ ನಿವೃತ್ತಿಯ ಅನಂತರ, ಒಂದು ಜನವರಿಯ ದಿನ. ಆ ದಿನದ ಕಥೆಯನ್ನೂ, ತಂದ ಕಲ್ಲುಗಳನ್ನು ಶುಚಿಮಾಡುವಾಗ ನಮ್ಮೊಳಗೆ ಎದ್ದ ಒಂದು ಚರ್ಚೆಯನ್ನೂ ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಬೆಂಗಳೂರಿನಲ್ಲಿರುವವನಿಗೆ ಪಳೆಯುಳಿಕೆ ಬೇಕಾದರೆ ಊರು ಬಿಟ್ಟು ಹೋಗದೆ ಗತ್ಯಂತರವಿಲ್ಲ. ಇದು ನಮ್ಮ ನೆಲದ ಬಡತನವಲ್ಲ, ಅದರ ಹಿರಿತನ. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಹೊತ್ತು ಕುಳಿತವರು ಸುಮಾರು 300 ಕೋಟಿ ವರ್ಷಗಳ ಮೇಲೆ ಕುಳಿತಿರುತ್ತಾರೆ. ಆ ಶಿಲೆ ಹುಟ್ಟಿದಾಗ ಭೂಮಿಯ ಮೇಲೆ ಚಿಪ್ಪಾಗಲಿ, ಮೂಳೆಯಾಗಲಿ, ಎಲೆಯಾಗಲಿ ಇರಲಿಲ್ಲ. ಅದು ಕಂಡ ತಾಪದಲ್ಲಿ ಏನಿದ್ದರೂ ಉಳಿಯುವಂತಿರಲಿಲ್ಲ. ಚಿತ್ರದುರ್ಗದ ಕಡೆಯ ಪುರಾತನ ಸುಣ್ಣಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರು ಪದರಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳಿವೆ. ಗುರುಮಠಕಲ್ಲಿನ ಕಡೆ ಲಾವಾ ಪದರಗಳ ನಡುವಣ ಕೆಸರಿನಲ್ಲಿ ಸಿಹಿನೀರಿನ ಶಂಖುಗಳು ಸಿಕ್ಕಿವೆ. ಆದರೆ ಕಡಲಿನ ಜೀವಿಗಳ ಸಂಪತ್ತನ್ನು ನೋಡಬೇಕೆನ್ನುವವನು ತಮಿಳುನಾಡಿನ ಪೆರಂಬಲೂರು, ಅರಿಯಲೂರು ಸೀಮೆಗೆ ಹೋಗಬೇಕು. ಬೆಂಗಳೂರಿನಿಂದ ಸೇಲಂ, ಆತ್ತೂರುಗಳ ಮೇಲೆ ಸುಮಾರು 300 ಕಿಲೋಮೀಟರು ದಾರಿ.

ಇಂದು ಆ ಸೀಮೆ ಬಂಗಾಳ ಕೊಲ್ಲಿಯಿಂದ ಸಾಕಷ್ಟು ಒಳಗೆ, ಜೋಳ, ಹತ್ತಿ, ಕುರುಚಲು ಜಾಲಿಗಳ ನಡುವೆ ಇದೆ. ಹತ್ತು ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿದ್ದಿತು. ಭಾರತವು ಅಂಟಾರ್ಕ್ಟಿಕಾ, ಆಸ್ಟ್ರೇಲಿಯಗಳಿಂದ ಬೇರ್ಪಟ್ಟ ಮೇಲೆ ಪೂರ್ವದ ಅಂಚಿನಲ್ಲಿ ಬಿರುಕುಗಳು ಬಿಟ್ಟವು, ತಗ್ಗುಗಳು ಕುಸಿದವು, ನೀರು ಒಳನುಗ್ಗಿತು. ಭೂವಿಜ್ಞಾನಿಗಳು ಕ್ರಿಟೇಶಿಯಸ್ ಎಂದು ಕರೆಯುವ ಆ ಯುಗ ಹದಿನಾಲ್ಕೂವರೆ ಕೋಟಿ ವರ್ಷಗಳ ಹಿಂದೆ ತೊಡಗಿ ಆರು ಕೋಟಿ ಅರುವತ್ತು ಲಕ್ಷ ವರ್ಷಗಳ ಹಿಂದೆ ಮುಗಿಯಿತು. ಅದರ ಉತ್ತರಾರ್ಧದಲ್ಲಿ ಆ ಕಡಲು ಮುಂದೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ಪ್ರತಿ ಸಲವೂ ತನ್ನ ಕೆಸರನ್ನೂ ಮರಳನ್ನೂ ಸತ್ತ ಜೀವಿಗಳ ಚಿಪ್ಪುಗಳನ್ನೂ ಒಂದರ ಮೇಲೊಂದು ಹಾಸಿಬಿಟ್ಟು ಹೋಯಿತು. ಓಲೆಗರಿಯ ಕಟ್ಟಿನಂತೆ ಗರಿಯ ಮೇಲೆ ಗರಿ.

ಈ ಕಟ್ಟನ್ನು ಮೊದಲು ಬಿಚ್ಚಿದವರ ಹೆಸರುಗಳನ್ನು ಹೇಳದೆ ಮುಂದುವರಿಯುವುದು ಕೃತಘ್ನತೆಯಾದೀತು. 1840ರ ಸುಮಾರಿನಲ್ಲಿ ಕೇ ಮತ್ತು ಕನ್‌ಲಿಫ್ ಎಂಬ ಇಬ್ಬರು ಮದರಾಸು ಆಧಿಪತ್ಯದಲ್ಲಿದ್ದವರು ಪುದುಚೇರಿ, ತಿರುಚಿನಾಪಳ್ಳಿಗಳ ಕಡೆ ಚಿಪ್ಪುಗಳನ್ನು ಕೂಡಿಸಿ ಲಂಡನ್ನಿಗೆ ಕಳುಹಿಸಿದರು. 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅವುಗಳನ್ನು ವಿವರಿಸಿ ಬರೆದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ಲ್ಯಾನ್‌ಫರ್ಡ್ ಆ ಸೀಮೆಯನ್ನೆಲ್ಲ ನಡೆದು ನಕ್ಷೆ ಬರೆದು 1862ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ. ಅದೇ ವರ್ಷ ಮೊರೇವಿಯದ ತರುಣ ಫರ್ಡಿನಾಂಡ್ ಸ್ಟೊಲಿಚ್ಕ ಕಲ್ಕತ್ತೆಗೆ ಬಂದು ಸೇರಿದ. ದಕ್ಷಿಣ ಭಾರತದ ಕ್ರಿಟೇಶಿಯಸ್ ಜೀವಿಗಳನ್ನು ಕುರಿತ ಆತನ ಸಂಪುಟಗಳು 1873ರ ಹೊತ್ತಿಗೆ ಮುಗಿದವು. ಮರುವರ್ಷವೇ, 36ನೆಯ ವಯಸ್ಸಿನಲ್ಲಿ, ಲಡಾಖಿನ ಎತ್ತರದ ದಾರಿಯಲ್ಲಿ ಆತ ತೀರಿಕೊಂಡ. ಗೋರಿ ಲೇಹ್‌ನಲ್ಲಿದೆ. ನಮ್ಮ ಕಿಟೆಲ್ ಇಲ್ಲಿಗೆ ಬಂದುದು 1853ರಲ್ಲಿ, ನಿಘಂಟು ಹೊರಬಂದುದು 1894ರಲ್ಲಿ. ಒಬ್ಬ ಪದಗಳನ್ನು ಆಯ್ದ, ಇನ್ನೊಬ್ಬ ಚಿಪ್ಪುಗಳನ್ನು ಆಯ್ದ. ದೂರದಿಂದ ಬಂದು ನಮ್ಮ ಕಾಲಡಿಯಲ್ಲಿದ್ದುದನ್ನು ನಮಗೆ ತೋರಿಸಿದ ಇಬ್ಬರನ್ನೂ ನಾನು ಒಂದೇ ಮಣೆಯ ಮೇಲೆ ಕೂರಿಸುತ್ತೇನೆ.

ನಾವು ಹೊರಟವರು ನಾಲ್ವರು. ಮೊದಲನೆಯವನು ನನ್ನ ವಿದ್ಯಾರ್ಥಿನಿಲಯದ ಗೆಳೆಯ, ಭೂವಿಜ್ಞಾನದ ನಿವೃತ್ತ ಅಧ್ಯಾಪಕ. ನಮ್ಮ ನಡುವೆ ಇಂದಿಗೂ ಏಕವಚನವೇ. ಎರಡನೆಯವರು ಹಲ್ಲಿನ ಡಾಕ್ಟರು. ಮೂರನೆಯವರು ಬ್ಯಾಂಕಿನಲ್ಲಿದ್ದು ವಿಶ್ರಾಂತರಾದವರು. ಮನೆಯಲ್ಲಿ ನಿತ್ಯ ಸಾಲಿಗ್ರಾಮಪೂಜೆ ಇಟ್ಟುಕೊಂಡ ಆಚಾರವಂತರು. ಇವರಿಬ್ಬರೂ ಬೆಳಗಿನ ವಾಯುಸೇವನೆಯಲ್ಲಿ ನನಗೆ ಜೊತೆಯಾದವರು. ನಾಲ್ಕನೆಯವನು ನಾನು, ಉಪಯೋಗಕ್ಕಿಂತ ಉಪದ್ರವವೇ ಹೆಚ್ಚು ಎಂದು ಗೆಳೆಯನ ಅಭಿಪ್ರಾಯ. ಜನವರಿಯನ್ನು ಆರಿಸಿದವನೂ ಅವನೇ. ಈಶಾನ್ಯ ಮಾರುತದ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿದು ಜೇಡಿಯನ್ನು ತೊಳೆದಿರುತ್ತದೆ, ಹೊಸ ಚಿಪ್ಪುಗಳು ಮೇಲಕ್ಕೆ ಬಂದಿರುತ್ತವೆ, ಬಿಸಿಲು ಇನ್ನೂ ತಾಳುವಂತಿರುತ್ತದೆ ಎಂಬುದು ಅವನ ಲೆಕ್ಕಾಚಾರ. ಪೆರಂಬಲೂರಿನಲ್ಲಿ ರಾತ್ರಿ ತಂಗಿ, ಇಡ್ಲಿ ತಿಂದು, ನಸುಕಿನಲ್ಲೇ ಕಾರೈ ಎಂಬ ಹಳ್ಳಿಯ ಬಯಲಿಗೆ ಹೋದೆವು.

ಆ ಬಯಲನ್ನು ಮೊದಲ ಸಲ ಕಂಡಾಗ ಯಾರೋ ಉತ್ತು ಬಿಟ್ಟುಹೋದ ಬೇರೊಂದು ಗ್ರಹದ ಹೊಲದಂತೆ ತೋರಿತು. ಬೂದು, ಹಳದಿ, ಕಂದು ಜೇಡಿಯ ದಿಬ್ಬಗಳು. ಅವುಗಳ ನಡುವೆ ಮಳೆ ಕೊರೆದ ಕಾಲುವೆಗಳು. ಗಿಡವಿಲ್ಲ, ನೆರಳಿಲ್ಲ. ಇಳಿಜಾರಿನ ತುಂಬ ಜಿಪ್ಸಮ್ಮಿನ ಹಳುಕುಗಳು ಗಾಜಿನ ಚೂರುಗಳಂತೆ ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ಗೆಳೆಯ ನಮ್ಮನ್ನು ನಿಲ್ಲಿಸಿ ಮೂರು ಕಟ್ಟಳೆ ಹಾಕಿದ. ದಿಬ್ಬದ ಗೋಡೆಗೆ ಸುತ್ತಿಗೆ ಮುಟ್ಟಿಸುವಂತಿಲ್ಲ. ಮಳೆ ಬಿಡಿಸಿ ಕೆಳಗೆ ಹಾಕಿದ್ದನ್ನಷ್ಟೆ ಎತ್ತಬೇಕು. ಒಬ್ಬೊಬ್ಬನೂ ಎರಡು ಬೊಗಸೆಗೆ ಮೀರಿ ತರಕೂಡದು. ಎತ್ತುವುದಕ್ಕೆ ಮೊದಲು, ಎತ್ತಿದ ಮೇಲಲ್ಲ, ಎಲ್ಲಿ, ಯಾವ ಪದರದ ಬುಡದಲ್ಲಿ ಸಿಕ್ಕಿತೆಂದು ಚೀಟಿಯಲ್ಲಿ ಬರೆಯಬೇಕು. ತಂದುದೆಲ್ಲ ಕೊನೆಗೆ ಒಂದು ಕಾಲೇಜಿನ ಸಂಗ್ರಹಕ್ಕೆ ಹೋಗತಕ್ಕದ್ದು.

"ನನಗೊಂದಾದರೂ ಇಲ್ಲವೆ?" ಎಂದರು ಬ್ಯಾಂಕಿನವರು.

"ಹರಾಜಿನ ದಿನ ನೋಡೋಣ," ಎಂದ ಗೆಳೆಯ.

ಮೊದಲ ಒಂದು ಗಂಟೆ ನನ್ನ ಕಣ್ಣಿಗೆ ಕಂಡುದು ಕಲ್ಲು ಮಾತ್ರ. ಹೊಸದಾಗಿ ಶಾಸನ ಓದುವವನಿಗೆ ಬಂಡೆಯ ಮೇಲೆ ಗೀರುಗಳಷ್ಟೆ ಕಾಣುವಂತೆ. ಒಮ್ಮೆ ಒಂದು ಅಕ್ಷರ ಹೊಳೆದರೆ ಅದರ ಪಕ್ಕದ್ದು ತಾನೇ ಹೊಳೆಯುತ್ತದೆ. ನನ್ನ ಪಾಲಿಗೆ ಆ ಮೊದಲ ಅಕ್ಷರವಾದದ್ದು ಬೆಲೆಮ್ನೈಟ್. ನಮ್ಮ ಕಾಲದ ಶಾಲೆಯ ಬಳಪದ ತುಂಡನ್ನು ನೆನೆಸಿಕೊಳ್ಳಿ. ಒಂದು ತುದಿ ಚೂಪು, ಬಣ್ಣ ಮಾತ್ರ ಜೇನಿನದು. ಕಡಲಿನಲ್ಲಿ ಈಜುತ್ತಿದ್ದ, ಇಂದಿನ ಕಣವೆ ಮೀನಿನ ನಂಟನಾದ ಒಂದು ಪ್ರಾಣಿಯ ಮೈಯೊಳಗೆ ಇದ್ದ ಗಟ್ಟಿ ಭಾಗ ಅದು. ಒಂದು ಕಂಡದ್ದೇ ತಡ, ಕಾಲಡಿಯಲ್ಲೆಲ್ಲ ಬಳಪಗಳು! ಡಾಕ್ಟರು ತಮ್ಮ ವೃತ್ತಿಗೆ ತಕ್ಕಂತೆ ಒಂದು ಶಾರ್ಕಿನ ಹಲ್ಲನ್ನು ಕಂಡುಹಿಡಿದರು. ಕಿರುಬೆರಳಿನ ಉಗುರಿನಷ್ಟು ಗಾತ್ರ. ಎನಾಮಲಿನ ಹೊಳಪು ಮಾಸಿರಲಿಲ್ಲ. "ಹತ್ತು ಕೋಟಿ ವರ್ಷವಾದರೂ ಹುಳುಕಿಲ್ಲ ನೋಡಿ ಮೇಷ್ಟ್ರೇ, ಸಕ್ಕರೆ ತಿಂದಿಲ್ಲ," ಎಂದು ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿದರು.

ಹತ್ತು ಗಂಟೆಯ ಹೊತ್ತಿಗೆ ಮೇಕೆಗಳನ್ನು ಹೊಡೆದುಕೊಂಡು ಒಬ್ಬಳು ಹೆಂಗಸು ಬಂದಳು. ನಾವು ಬಗ್ಗಿ ಬಗ್ಗಿ ನಡೆಯುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ನಕ್ಕು, ಸೆರಗಿನ ಗಂಟಿನಿಂದ ಸುರುಳಿಯಾದ ಒಂದು ಕಲ್ಲನ್ನು ತೆಗೆದು ತೋರಿಸಿದಳು. ಅವಳ ಬಾಯಲ್ಲಿ ಅದು 'ಕಲ್ ನತ್ತೈ', ಕಲ್ಲಿನ ಬಸವನಹುಳು. ಬಹಳ ಪಳೆಯ ಕಲ್ಲು ಎಂದಳು. ನನ್ನ ಕಿವಿ ನೆಟ್ಟಗಾಯಿತು. ನಾವು ನಿಘಂಟಿನಿಂದ ಎತ್ತಿ ತಂದ ಪಕಾರ ಅವಳ ನಾಲಗೆಯ ಮೇಲೆ ಸುಮ್ಮನೆ ಓಡಾಡಿಕೊಂಡಿತ್ತು. ನಾವು ಕಳೆದುಕೊಂಡ ೞಕಾರವೂ ಅದರ ಜೊತೆಗಿತ್ತು. ಒಂದು ಭಾಷೆಯಲ್ಲಿ ಪಳೆಯುಳಿಕೆಯಾದದ್ದು ಸೋದರ ಭಾಷೆಯಲ್ಲಿ ಜೀವಂತವಾಗಿರುತ್ತದೆ. ತಮಿಳಿನ ವಿದ್ವಾಂಸರು ಪಳೆಯುಳಿಕೆಗೆ 'ತೊಲ್ಲುಯಿರ್ ಎಚ್ಚಂ' ಎನ್ನುತ್ತಾರೆ, ಪ್ರಾಚೀನ ಜೀವದ ಶೇಷ. ಈ ಎಚ್ಚವೂ ನಮ್ಮ ಎಂಜಲೂ ಒಂದೇ ಧಾತುವಿನವು. ಕಾಲಪುರುಷನು ಉಂಡು ಎಲೆಯಲ್ಲಿ ಬಿಟ್ಟದ್ದು ಎಂದು ಅರ್ಥಮಾಡಿಕೊಂಡರೆ ತಪ್ಪಾಗಲಾರದು.

ಬ್ಯಾಂಕಿನವರು ಕೈಚೀಲಕ್ಕೆ ಕೈ ಹಾಕಿದರು. ಗೆಳೆಯ ತಡೆದ. "ಒಂದಕ್ಕೆ ನೂರು ರೂಪಾಯಿ ಕೊಟ್ಟರೆ ನಾಳೆ ಈ ದಿಬ್ಬಕ್ಕೆ ಗುದ್ದಲಿ ಬೀಳುತ್ತದೆ. ನತ್ತೈ ಉಳಿಯುತ್ತದೆ, ಅದು ಎಲ್ಲಿತ್ತು ಅನ್ನೋದು ಹೋಗುತ್ತದೆ," ಎಂದ. ಹಣ ಕೊಡಲಿಲ್ಲ; ತಂದಿದ್ದ ಚಿತ್ರಾನ್ನವನ್ನು ಹಂಚಿಕೊಂಡೆವು. ಆಕೆ ತನ್ನ ಕಲ್ಲನ್ನು ಮತ್ತೆ ಗಂಟಿನಲ್ಲಿಟ್ಟುಕೊಂಡಳು. ಅದು ತನ್ನ ಮೊಮ್ಮಗನಿಗಂತೆ. ಸುತ್ತಿನ ಜನರಿಗೆ ಈ ಕಲ್ಲುಗಳು ಹೊಸವಲ್ಲ, ಆದರೆ ವದಂತಿಗೆ ಅವು ಸದಾ ಹೊಸವು. 2020ರ ಅಕ್ಟೋಬರಿನಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಉರುಟು ಕಲ್ಲುಗಳು ಸಿಕ್ಕಾಗ ಡೈನೋಸಾರಿನ ಮೊಟ್ಟೆಗಳೆಂದು ಸುದ್ದಿ ಹಬ್ಬಿ ಜನ ನೆರೆದಿತ್ತು. ಬಲ್ಲವರು ಬಂದು ನೋಡಿ, ಮೊಟ್ಟೆಗಳಲ್ಲ, ಅಮೊನೈಟುಗಳ ಸುತ್ತ ಕೆಸರು ಗಟ್ಟಿಗೊಂಡು ಆದ ಗುಂಡುಗಳೆಂದು ತಿಳಿಸಿದರು.

ಅಂಥದೊಂದು ಗುಂಡು ನಮಗೂ ಸಿಕ್ಕಿತು. ಕಾಲುವೆಯ ತಳದಲ್ಲಿ, ಮಳೆನೀರು ಉರುಳಿಸಿ ತಂದು ನಿಲ್ಲಿಸಿದ್ದ ಜಾಗದಲ್ಲಿ, ತೆಂಗಿನಕಾಯಿಯ ಗಾತ್ರದ ಕಂದು ಕಲ್ಲು. ಆಗಲೇ ಬಿರುಕು ಬಿಟ್ಟಿದ್ದ ಅದು ಡಾಕ್ಟರು ಎತ್ತುತ್ತಿದ್ದಂತೆ ಅವರ ಅಂಗೈಗಳ ಮೇಲೆ ಎರಡು ಹೋಳಾಯಿತು. ಒಂದರಲ್ಲಿ ಸುರುಳಿ ಉಬ್ಬಿಕೊಂಡಿತ್ತು; ಇನ್ನೊಂದರಲ್ಲಿ ಅದೇ ಸುರುಳಿಯ ಅಚ್ಚು ತಗ್ಗಾಗಿ ಮೂಡಿತ್ತು. ಸುತ್ತಿನೊಳಗೆ ಸುತ್ತು, ಅಂಚಿನಲ್ಲಿ ಏಣುಗಳು, ಚಿಪ್ಪು ಕಳಚಿದ ಒಂದೆಡೆಯಲ್ಲಿ ಒಳಗಿನ ಕೋಣೆಗಳ ಗೋಡೆಗಳು ಕೂಡುವ ಗೆರೆ. ಆ ಗೆರೆ ನೇರವಲ್ಲ. ಕೈನುರಿತ ಗೃಹಿಣಿ ಎಳೆದ ರಂಗವಲ್ಲಿಯ ಎಳೆಯಂತೆ ಬಾಗಿ ಬಳುಕಿ ಕವಲೊಡೆದಿತ್ತು. ಈಜಿಪ್ಟಿನ ಅಮ್ಮೋನ್ ದೇವತೆಯ ಟಗರುಕೊಂಬನ್ನು ಹೋಲುವುದರಿಂದ ಅಮೊನೈಟ್ ಎಂಬ ಹೆಸರು. ಪ್ರಾಣಿ ಇದ್ದುದು ಕೊನೆಯ ಕೋಣೆಯಲ್ಲಿ. ಹಿಂದಿನವುಗಳಲ್ಲಿ ಗಾಳಿ ತುಂಬಿಕೊಂಡು ತೇಲುತ್ತಿತ್ತು. ಬೆಳೆದಂತೆಲ್ಲ ಹಳೆಯ ಮನೆಯ ಬಾಗಿಲು ಮುಚ್ಚಿ ಮುಂದೆ ಹೊಸ ಕೋಣೆ ಕಟ್ಟಿಕೊಳ್ಳುವ ಜೀವನ. ಆರು ಕೋಟಿ ಅರುವತ್ತು ಲಕ್ಷ ವರ್ಷಗಳ ಹಿಂದೆ, ಡೈನೋಸಾರುಗಳು ಹೋದ ಕಾಲದಲ್ಲೇ, ಈ ವಂಶವೂ ನಿರ್ವಂಶವಾಯಿತು.

ನಾವು ನಿಂತ ಜಾಗದಿಂದ ಕಾರು ನಿಲ್ಲಿಸಿದ ರಸ್ತೆಗೆ ಸುಮಾರು ಒಂದು ಕಿಲೋಮೀಟರು. ಈ ಹತ್ತು ಕೋಟಿ ವರ್ಷಗಳನ್ನು ಆ ದಾರಿಯ ಮೇಲೆ ಹಾಸಿದರೆ ಹಲ್ಮಿಡಿ ಶಾಸನದಿಂದ ಇಂದಿನವರೆಗಿನ ನಮ್ಮ ಕನ್ನಡಕ್ಕೆ ಎಷ್ಟು ಸ್ಥಳ ಬಂದೀತೆಂದು ಮನಸ್ಸಿನಲ್ಲೇ ಗುಣಿಸಿ ನೋಡಿದೆ. ಒಂದೂವರೆ ಸೆಂಟಿಮೀಟರು! ಪಂಪ, ರನ್ನ, ಬಸವಣ್ಣ, ಕುಮಾರವ್ಯಾಸ, ನಾನು ಬಿಡಿಸಿದ ಸಂಧಿಗಳು, ತಿದ್ದಿದ ಉತ್ತರಪತ್ರಿಕೆಗಳು, ಎಲ್ಲವೂ ಹೆಬ್ಬೆರಳಿನ ಉಗುರಿನ ಅಗಲದಲ್ಲಿ. ವಿನಯವನ್ನು ಕಲಿಸಲು ಇದಕ್ಕಿಂತ ಅಗ್ಗವಾದ ಪಾಠಶಾಲೆಯಿಲ್ಲ.

ಬ್ಯಾಂಕಿನವರು ಮಾತ್ರ ಮೌನವಾಗಿದ್ದರು. ಬಹಳ ಹೊತ್ತು ಆ ಸುರುಳಿಯನ್ನು ನೋಡಿ, "ಇದು ಚಕ್ರವಲ್ಲವೆ?" ಎಂದರು. ಹೌದು, ಅದೇ. ನಮ್ಮ ದೇವರ ಮನೆಗಳಲ್ಲಿರುವ ಸಾಲಿಗ್ರಾಮ ನೇಪಾಳದ ಗಂಡಕಿ ನದಿ ಹೊತ್ತು ತರುವ ಕರಿಯ ಗುಂಡು. ಹಿಮಾಲಯ ಎದ್ದು ನಿಲ್ಲುವ ಮುನ್ನ ಅಲ್ಲಿದ್ದ ಕಡಲಿನ ಕೆಸರಿನಲ್ಲಿ ಹೂತುಹೋದ ಅಮೊನೈಟ್. ವಯಸ್ಸಿನಲ್ಲಿ ಕಾರೈಯ ಕಲ್ಲಿಗಿಂತ ಕೆಲವು ಕೋಟಿ ವರ್ಷ ಹಿರಿಯದು. ವಜ್ರಕೀಟವೆಂಬ ಹುಳು ಕಲ್ಲನ್ನು ಕೊರೆದು ಒಳಗೆ ಚಕ್ರವನ್ನು ಕೆತ್ತುತ್ತದೆ ಎಂದು ಹಿಂದಿನವರು ಹೇಳಿದರು. ಆ ಕಥೆಯನ್ನು ಕಟ್ಟಿದವರು ಒಂದು ಸತ್ಯವನ್ನು ಮುಟ್ಟಿದ್ದರು: ಈ ಆಕೃತಿ ಮನುಷ್ಯನ ಉಳಿಯದಲ್ಲ, ಒಂದು ಜೀವದ್ದು.

"ಹಾಗಾದರೆ ನಮ್ಮಪ್ಪ ಪೂಜೆ ಮಾಡಿದ್ದು ಸತ್ತ ಹುಳುವನ್ನೆ?" ಎಂದು ಅವರು ಗೆಳೆಯನನ್ನು ಕೇಳಿದರು. ಸ್ವರದಲ್ಲಿ ಕೋಪವಿರಲಿಲ್ಲ, ಆದರೆ ಉತ್ತರ ಹಗುರವಾಗಿ ಬಂದರೆ ನೋಯುತ್ತಾರೆಂದು ನಮಗೆಲ್ಲ ತಿಳಿಯಿತು. ಗೆಳೆಯ ಸ್ವಲ್ಪ ಯೋಚಿಸಿ ಹೇಳಿದ: "ನಿಮ್ಮ ತಂದೆಯವರು ಅದನ್ನು ದಿನವೂ ತೊಳೆದು, ಒರೆಸಿ, ಜೋಪಾನವಾಗಿ ಇಟ್ಟರು. ನಾನು ನಲವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟದ್ದೂ ಅಷ್ಟನ್ನೇ ಸ್ವಾಮೀ." ಬ್ಯಾಂಕಿನವರು ತಲೆದೂಗಿದರು. ಆ ಮಾತು ಅಲ್ಲಿಗೆ ನಿಂತಿತು.

ಹಿಂದಿರುಗುವ ದಾರಿಯಲ್ಲಿ ಸಾತ್ತನೂರಿನ ಕಲ್ಲುಮರವನ್ನು ನೋಡಿದೆವು. 1940ರಲ್ಲಿ ಎಂ. ಎಸ್. ಕೃಷ್ಣನ್ ಬೆಳಕಿಗೆ ತಂದ ಈ ಕಾಂಡ ಸುಮಾರು 18 ಮೀಟರ್ ಉದ್ದವಾಗಿ, ನೆನ್ನೆ ಉರುಳಿದ ಮರದಂತೆ ನೆಲದ ಮೇಲೆ ಮಲಗಿದೆ. ದಡದ ಕಾಡಿನಿಂದ ಕಡಲಿಗೆ ತೇಲಿಬಂದು, ಮುಳುಗಿ, ಎಳೆ ಎಳೆಯೂ ಕಲ್ಲಾದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಸುತ್ತ ಬೇಲಿ ಇದೆ. ಕಾರೈಯ ಬಯಲಿಗೆ ಅಂಥ ಬೇಲಿಯೇನೂ ಕಾಣಲಿಲ್ಲ.

ಆಯುವುದು ಒಂದು ದಿನದ ಕೆಲಸ. ಶುಚಿಮಾಡುವುದು ಆರು ಭಾನುವಾರಗಳ ಕೆಲಸವಾಯಿತು. ಡಾಕ್ಟರ ಮನೆಯ ಹಿತ್ತಿಲಿನ ಜಗುಲಿಯೇ ನಮ್ಮ ಕಾರ್ಯಾಗಾರ. ಜೇಡಿ ಹತ್ತಿದ ಬಳಪಗಳು ಬಹುಬೇಗ ಮುಗಿದವು. ನೀರಿನಲ್ಲಿ ನೆನೆಸಿ, ಮೆದು ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಿದರೆ ಸಾಕು. ತೊಳೆದ ಕೆಸರನ್ನೂ ಗೆಳೆಯ ಚೆಲ್ಲಗೊಡಲಿಲ್ಲ. ಸಣ್ಣ ಜರಡಿಯಲ್ಲಿ ಸೋಸಿ ಒಣಗಿಸಿ ಮಸೂರದ ಕೆಳಗೆ ಇಟ್ಟಾಗ ಸಾಸಿವೆಗಿಂತ ಕಿರಿದಾದ ಚಿಪ್ಪುಗಳು ಕಂಡವು. ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳ ಆ ಚಿಪ್ಪುಗಳನ್ನು ನೋಡಿಯೇ ತಿಳಿದವರು ಪದರದ ವಯಸ್ಸನ್ನು ಹೇಳಬಲ್ಲರಂತೆ. ದೊಡ್ಡ ಗುಂಡಿಗೆ ಮಾತ್ರ ನೀರು ಸಾಲಲಿಲ್ಲ. ಯಾರೋ ವಿನಿಗರ್ ಹಾಕಿದರೆ ಸುಲಭವೆಂದರು. ಸುಣ್ಣಕಲ್ಲಿನಲ್ಲಿ ಹುದುಗಿದ ಮೂಳೆಗೋ ಹಲ್ಲಿಗೋ ಹದವರಿತು ಆಮ್ಲವನ್ನು ಬಳಸುವುದುಂಟು; ಆದರೆ ಚಿಪ್ಪೇ ಸುಣ್ಣವಾಗಿರುವಾಗ ಆಮ್ಲವು ಕಸವನ್ನೂ ಕಸವರವನ್ನೂ ಒಟ್ಟಿಗೆ ನುಂಗಿಬಿಡುತ್ತದೆ. ಆದ್ದರಿಂದ ಡಾಕ್ಟರ ಹಳೆಯ ಹಲ್ಲುಕೀಸುವ ಕಡ್ಡಿಗಳು, ಸೂಜಿಗಳು ಹೊರಬಂದವು. ಚಿಪ್ಪಿನ ಕಡೆಗೆ ಒತ್ತಬಾರದು, ಚಿಪ್ಪಿನಿಂದ ಆಚೆಗೆ ಎತ್ತಬೇಕು; ಒಂದು ಕಾಳು ಎದ್ದಮೇಲೆ ಊದಿ, ನೋಡಿ, ಇನ್ನೊಂದು. ಬಿರುಕಿದ್ದೆಡೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಎಂಬ ರಾಳವನ್ನು ತೆಳ್ಳಗೆ ಬಿಟ್ಟು ಬಿಗಿಮಾಡಬೇಕು. ಮುಂದೆ ಯಾರಿಗಾದರೂ ಬೇಡವಾದರೆ ಅದನ್ನು ಮತ್ತೆ ಕರಗಿಸಿ ತೆಗೆಯಬಹುದು ಎಂಬುದೇ ಅದರ ಹಿರಿಮೆ.

ನಾಲ್ಕನೆಯ ಭಾನುವಾರ, ಸುರುಳಿಯ ಮಧ್ಯದ ಸುತ್ತಿನ ಮೇಲೆ ಒಂದು ಗಂಟು ಕಾಣಿಸಿತು. ಕಲ್ಲೆಂದು ತಿಳಿದು ಡಾಕ್ಟರು ಕೆರೆಯುತ್ತಿದ್ದಂತೆ ಅದರ ಅಂಚು ಹೊರಬಂತು. ಅದು ಒಂದು ಸಿಂಪಿ. ಎಂಟಾಣೆಯ ನಾಣ್ಯದಷ್ಟು ಅಗಲ. ಅಮೊನೈಟಿನ ಬೆನ್ನ ಮೇಲೆ ಗಟ್ಟಿಯಾಗಿ ಅಂಟಿಕೊಂಡು ಅರ್ಧ ಸುತ್ತನ್ನು ಮರೆಮಾಡಿತ್ತು.

ಚರ್ಚೆ ಹುಟ್ಟಿದ್ದು ಇಲ್ಲಿ. ಅದನ್ನು ತೆಗೆದುಬಿಡಬೇಕೆಂದು ಬ್ಯಾಂಕಿನವರ ಅಭಿಪ್ರಾಯ. "ಚಕ್ರ ಪೂರ್ತಿ ಕಾಣಬೇಕು. ಇಷ್ಟು ದಿನ ಕಷ್ಟಪಟ್ಟು ಈ ಗಂಟನ್ನು ಬಿಡುವುದೆ?" ಎಂದರು. ತಾವು ಚಿಪ್ಪಿಗೆ ನೋವಾಗದಂತೆ ಬಿಡಿಸಬಲ್ಲೆವೆಂದು ಡಾಕ್ಟರು ಕಡ್ಡಿಯನ್ನು ಬೆಳಕಿಗೆ ಹಿಡಿದರು. ಅವರ ಕೈಯ ಮೇಲೆ ನನಗೂ ಸಂಶಯವಿರಲಿಲ್ಲ. ಗೆಳೆಯ ಬೇಡವೆಂದ. ಬ್ಯಾಂಕಿನವರು ನನ್ನ ಕಡೆ ತಿರುಗಿ, "ನೀವು ಹೇಳಿ ಮೇಷ್ಟ್ರೇ. ಗ್ರಂಥ ಸಂಪಾದನೆ ಮಾಡಿದವರು ನೀವು. ಕವಿಯ ಪದ್ಯದ ನಡುವೆ ಯಾರೋ ಸೇರಿಸಿದ ಪ್ರಕ್ಷಿಪ್ತವನ್ನು ತೆಗೆಯುವುದಿಲ್ಲವೆ?" ಎಂದರು.

ವಾದ ಚೆನ್ನಾಗಿತ್ತು. ಓಲೆಗರಿಯನ್ನು ನಾವೂ ಶುಚಿಮಾಡುತ್ತೇವೆ. ಧೂಳನ್ನು ಒರೆಸಿ, ಎಣ್ಣೆ ಸವರಿ, ಮಸಿ ತುಂಬಿ ಓದುತ್ತೇವೆ. ಪ್ರಕ್ಷಿಪ್ತವನ್ನು ಗುರುತಿಸಿ ಮೂಲದಿಂದ ಹೊರಗಿಡುತ್ತೇವೆ. ಆದರೆ ಹೊರಗಿಟ್ಟದ್ದನ್ನು ಎಸೆಯುವುದಿಲ್ಲ, ಅಡಿಟಿಪ್ಪಣಿಗೆ ಇಳಿಸುತ್ತೇವೆ. ನಮ್ಮ ನಿರ್ಣಯ ಸರಿಯಲ್ಲವೆಂದು ಕಂಡ ಮುಂದಿನ ಸಂಪಾದಕ ಅದನ್ನು ಎತ್ತಿ ಮತ್ತೆ ಮೇಲಕ್ಕೆ ತರಬಲ್ಲ. ಕಲ್ಲಿಗೆ ಅಡಿಟಿಪ್ಪಣಿಯಿಲ್ಲ, ಕಿತ್ತ ಸಿಂಪಿಯನ್ನು ಅದೇ ಜಾಗದಲ್ಲಿ ಹಾಗೆಯೇ ಕೂರಿಸುವವರಿಲ್ಲ. ನಾನು ಇಷ್ಟನ್ನು ಹೇಳಿದೆ. ಗೆಳೆಯ ಇನ್ನೂ ದೂರ ಹೋದ. "ಇದು ಪ್ರಕ್ಷಿಪ್ತವೇ ಅಲ್ಲ ಕಣೋ," ಎಂದ. "ಅದೇ ಕಡಲಿನಲ್ಲಿ, ಅದೇ ಕಾಲದಲ್ಲಿ ಬದುಕಿದ್ದ ಜೀವ. ಸಿಂಪಿ ಇಷ್ಟು ಬೆಳೆಯಬೇಕಾದರೆ ಚಿಪ್ಪು ಅಷ್ಟು ಕಾಲ ಕೆಸರಿನಲ್ಲಿ ಮುಚ್ಚಿಹೋಗದೆ ತೆರೆದಿರಬೇಕು. ಒಂದೇ ಮಗ್ಗುಲಲ್ಲಿ ಸಿಂಪಿಗಳಿದ್ದರೆ ಅಮೊನೈಟು ಸತ್ತು ಕಡಲ ತಳದಲ್ಲಿ ಮಲಗಿದ್ದಾಗ ಅವು ಬಂದು ಕೂತಿರಬಹುದು. ಎರಡೂ ಮಗ್ಗುಲಲ್ಲಿ ಇದ್ದರೆ ಅದು ಈಜುತ್ತಿದ್ದಾಗಲೇ ಹತ್ತಿದ ಸವಾರರು ಇರಬಹುದು. ಇನ್ನೊಂದು ಮಗ್ಗುಲು ಇನ್ನೂ ಕಲ್ಲಿನೊಳಗೇ ಇದೆ. ಪ್ರಶ್ನೆಯನ್ನು ಅರ್ಧ ಓದಿ ಉತ್ತರವನ್ನು ಹೊಡೆದುಹಾಕುವುದು ಬೇಡ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾವು ಅಂದವೆಂದು ಕರೆಯುವುದು ಎಷ್ಟು ಸಲ ಒಂದೇ ಒಂದು ಜೀವವನ್ನು ಅದರ ನೆರೆಹೊರೆಯಿಂದ ಬಿಡಿಸಿ ನೋಡುವ ಆಸೆಯಾಗಿರುತ್ತದೆ! ಕವಿಯನ್ನು ಅವನ ಕಾಲದಿಂದ, ಪದ್ಯವನ್ನು ಕಾವ್ಯದಿಂದ, ಚಕ್ರವನ್ನು ಕಡಲಿನಿಂದ. ಡಾಕ್ಟರು ಕಡ್ಡಿಯನ್ನು ಕೆಳಗಿಟ್ಟರು. "ಹಲ್ಲನ್ನು ಕೀಳುವುದು ಗೊತ್ತಿರುವವನಿಗಿಂತ ಯಾವುದನ್ನು ಕೀಳಬಾರದು ಅಂತ ಗೊತ್ತಿರುವವನು ದೊಡ್ಡ ಡಾಕ್ಟರು," ಎಂದು ತಮ್ಮನ್ನು ತಾವೇ ಹೊಗಳಿಕೊಂಡು ನಕ್ಕರು. ಬ್ಯಾಂಕಿನವರು ಕೂಡಲೆ ಒಪ್ಪಲಿಲ್ಲ. ಮುಂದಿನ ಭಾನುವಾರ ಬಂದಾಗ, ತಾವಾಗಿಯೇ ಭೂತಗನ್ನಡಿ ಹಿಡಿದು ಸಿಂಪಿಯ ವಾರ್ಷಿಕ ಗೆರೆಗಳನ್ನು ಎಣಿಸಲು ಕುಳಿತರು. ಲೆಕ್ಕ ಅವರ ವೃತ್ತಿ. ಅಲ್ಲಿಗೆ ಸಿಂಪಿ ಗೆದ್ದಿತು.

ಕೊನೆಯ ಕೆಲಸ ಚೀಟಿ ಬರೆಯುವುದು. ಪ್ರತಿ ಕಲ್ಲಿನ ಮರೆಯಲ್ಲಿ ಬಿಳಿಯ ಬಣ್ಣದ ಒಂದು ಚುಕ್ಕೆ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ. ಅದೇ ಸಂಖ್ಯೆಯ ಕಾಗದದ ಮೇಲೆ ಊರು, ದಿಕ್ಕು, ಪದರ, ದಿನಾಂಕ, ಕಂಡವರ ಹೆಸರು. ಅಕ್ಷರ ದುಂಡಗಿದೆಯೆಂದು ಈ ಕೆಲಸ ನನ್ನ ಪಾಲಿಗೆ ಬಂತು. ಚೀಟಿಯಿಲ್ಲದ ಪಳೆಯುಳಿಕೆ ಕರ್ತೃ, ಕಾಲ, ಪ್ರಾಂತಗಳು ತಿಳಿಯದ ಬಿಡಿ ಪದ್ಯದಂತೆ, ಸೊಗಸಿರಬಹುದು, ಸಾಕ್ಷಿಯಾಗಲಾರದು. ಉಬ್ಬಿದ ಸುರುಳಿಯ ಹೋಳು ಸಿಂಪಿಯೊಡನೆ ಕಾಲೇಜಿಗೆ ಹೋಯಿತು. ಅಚ್ಚು ಮೂಡಿದ ಇನ್ನೊಂದು ಹೋಳನ್ನು ಜೊತೆಗೆ ಕಳುಹಿಸಬೇಕೆ ಎಂಬ ಮಾತು ಬಂದಾಗ ಗೆಳೆಯ ಅದರಿಂದ ಪ್ಲಾಸ್ಟರಿನ ನಕಲೊಂದನ್ನು ತೆಗೆದು, ಬ್ಯಾಂಕಿನವರ ಕೈಗೆ ಕೊಟ್ಟ. ಅದು ಅವರ ಪುಸ್ತಕದ ಬೀರುವಿನಲ್ಲಿದೆ. ದೇವರ ಮನೆಯಲ್ಲಿ ತಂದೆಯವರ ಸಾಲಿಗ್ರಾಮ ಎಂದಿನಂತೆ ಇದೆ.

ಇಷ್ಟು ಜೋಪಾನ ಏಕೆಂದು ಶ್ರೋತೃಗಳು ಕೇಳಬಹುದು. ಅರಿಯಲೂರಿನ ಸುತ್ತ ಅದೇ ಕಡಲು ಬಿಟ್ಟುಹೋದ ಚಿಪ್ಪುಗಳ ಸುಣ್ಣಕಲ್ಲನ್ನು ಅಗೆದು ಸಿಮೆಂಟು ಮಾಡುತ್ತಾರೆ. ಕಲ್ಲಂಕುರಿಚಿಯ ಪದರಗಳಲ್ಲಿ ಸಿಂಪಿಗಳು ಒಂದರ ಮೇಲೊಂದು ಒಟ್ಟಿಕೊಂಡಿವೆ. ಗಣಿಯಲ್ಲಿ ಅವು ಪುಡಿಯಾಗಿ, ಗೂಡಿನಲ್ಲಿ ಬೆಂದು, ಚೀಲಗಳಲ್ಲಿ ಹೊರಡುತ್ತವೆ. ಮನೆ ಕಟ್ಟಿಕೊಂಡ ನಾವು ಸಿಮೆಂಟನ್ನು ದೂರುವಂತಿಲ್ಲ. ಗಣಿ ಅಗೆಯದಿದ್ದರೆ ಎಷ್ಟೋ ಪದರಗಳು ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ಅಗೆಯುವ ಮುನ್ನ ಓದಿಕೊಳ್ಳಬೇಕು ಎಂಬುದಷ್ಟೆ ಕೇಳಿಕೆ. ಅರಿಯಲೂರಿನ ಬಳಿ ವಾರಣವಾಸಿಯಲ್ಲಿ ಇವುಗಳಿಗಾಗಿಯೇ ಒಂದು ಸಂಗ್ರಹಾಲಯ ಎದ್ದಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಗಣಿ ಸಚಿವಾಲಯವು ಭೂಪರಂಪರೆಯ ತಾಣಗಳನ್ನೂ ಅವಶೇಷಗಳನ್ನೂ ಕಾಯುವ ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ಕಾನೂನು ಬಂದರೂ ಅದು ಕಾಯುವುದು ಬೇಲಿಯ ಒಳಗಿನದನ್ನು. ಬೇಲಿಯ ಹೊರಗಿನದನ್ನು ಕಾಯಬೇಕಾದದ್ದು ಕೈ. ಎತ್ತುವ ಕೈ, ಕೆರೆಯುವ ಕೈ.

ಆದ್ದರಿಂದ ಒಂದು ಬಿನ್ನಹ. ನಿಮ್ಮ ಊರಿನ ಹಳ್ಳದಲ್ಲೋ ಹೊಲದ ಬದುವಿನಲ್ಲೋ, ಬಾವಿ ತೋಡಿದ ಮಣ್ಣಿನಲ್ಲೋ ಹೀಗೊಂದು ವಿಚಿತ್ರವಾದ ಕಲ್ಲು ಕಂಡರೆ ಮೊದಲು ಜೇಬಿನಿಂದ ಲೇಖನಿಯನ್ನು ತೆಗೆಯಿರಿ. ಎಲ್ಲಿ ಕಂಡಿರಿ, ಯಾವ ದಿನ, ಅದರ ಮೇಲೇನಿತ್ತು, ಕೆಳಗೇನಿತ್ತು, ಎರಡು ಸಾಲು 쓰ಬರೆದಿಡಿ. ಹತ್ತಿರದ ಕಾಲೇಜಿನಲ್ಲಿ ಭೂವಿಜ್ಞಾನ ಬಲ್ಲವರಿಗೆ ತೋರಿಸಿರಿ. ತೊಳೆಯುವ ಆತುರ ಬೇಡ. ಅಷ್ಟು ಕೋಟಿ ವರ್ಷ ಕಾದದ್ದು ಇನ್ನೊಂದು ಭಾನುವಾರದವರೆಗೆ ಕಾಯುತ್ತದೆ.